ಅಗಲಿಕೆಯ ಅಳತೆ

ಮನುಷ್ಯನ ಬಾಳಿನಲ್ಲಿ ಕೂಡಿರುವ ಕಾಲಕ್ಕಿಂತ ಅಗಲಿರುವ ಕಾಲವೇ ಹೆಚ್ಚೆಂಬದನ್ನು ಸಂಸಾರಿಗಳಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಮಗಳು ಕೊಟ್ಟ ಮನೆಯಲ್ಲಿ, ಹಿರಿಯ ಮಗನು ಬೆಂಗಳೂರಿನಲ್ಲಿ, ಕಿರಿಯವನು ಸಮುದ್ರದಾಚೆಯಲ್ಲಿ, ತಂದೆತಾಯಿಗಳು ಗೋಡೆಯ ಮೇಲಿನ ಪಟದಲ್ಲಿ. ಹೀಗೆ ಉಣ್ಣಲು ಕುಳಿತ ಪಂಕ್ತಿಯಲ್ಲಿ ತಾಟುಗಳಿಗಿಂತ ನೆನಪುಗಳೇ ಹೆಚ್ಚಾಗಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ನಮ್ಮ ಪೂರ್ವಕವಿಗಳು ಈ ಸಂಗತಿಯನ್ನು ಚೆನ್ನಾಗಿ ಅರಿತಿದ್ದರು. ರಾಮನು ಸೀತೆಯನ್ನೂ ನಳನು ದಮಯಂತಿಯನ್ನೂ ದುಷ್ಯಂತನು ಶಕುಂತಲೆಯನ್ನೂ ಅಗಲದೆ ಇದ್ದಿದ್ದರೆ ಆ ಕಥೆಗಳೇ ನಮಗೆ ದೊರೆಯುತ್ತಿರಲಿಲ್ಲ.

ಈ ಕಾವ್ಯಗಳನ್ನು ಶಾಲೆಯಲ್ಲಿ ಬಹುಕಾಲ ಓದಿಸಿ ನಿವೃತ್ತನಾದ ಮೇಲೆ, ಅದೇ ರಸವನ್ನು ನಾನು ಎಣಿಸದೆ ಇದ್ದ ಒಂದು ಸ್ಥಳದಲ್ಲಿ ಕಂಡೆನು. ಅದು ಜಪಾನ ದೇಶದ ಅನಿಮೆ ಚಿತ್ರಗಳಲ್ಲಿ. ಚಿತ್ರಕಾರರು ಬರೆದ ಚಿತ್ರಗಳನ್ನು ಸೆಕೆಂದಿಗೆ 24 ಚೌಕಟ್ಟುಗಳಂತೆ ಒಂದರ ಬೆನ್ನಿಗೆ ಒಂದನ್ನು ತೋರಿಸಿ ಚಲನೆಯ ಭ್ರಾಂತಿಯನ್ನುಂಟುಮಾಡುವ ಚಲಚ್ಚಿತ್ರಗಳಿಗೆ ಆ ಹೆಸರು. ಇವು ಮಕ್ಕಳ ವಿನೋದಕ್ಕಾಗಿ ಹುಟ್ಟಿದ ಬೊಂಬೆಯಾಟಗಳೆಂದು ಹಿರಿಯರು ತಿಳಿಯುವದು ವಾಡಿಕೆ. ಆದರೆ ನಮ್ಮ ತರುಣರ ಅಭಿಪ್ರಾಯವು ಬೇರೆ. 2019ರಲ್ಲಿ ಮಕೊತೊ ಶಿಂಕಾಯಿ ಎಂಬ ನಿರ್ದೇಶಕರ ‘ತೆಂಕಿ ನೊ ಕೊ’ ಎಂಬ ಚಿತ್ರವನ್ನು ಭಾರತದಲ್ಲಿಯೂ ತೋರಿಸಬೇಕೆಂದು ಐವತ್ತು ಸಾವಿರಕ್ಕೂ ಮಿಕ್ಕಿ ಜನರು ಮನವಿಗೆ ಸಹಿ ಹಾಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಿತು. ಈಗಂತೂ ಡೋಣಿಯ ಸೀಮೆಯ ನಮ್ಮ ಸಾರವಾಡದಂತಹ ಊರಿನಲ್ಲಿಯೂ ಮೊಬೈಲಿನ ಗೇಣುದ್ದದ ಗಾಜಿನ ಮೇಲೆ ಹುಡುಗರು ಇವನ್ನು ನೋಡುತ್ತಿರುವರು. ಅವರು ನೋಡುವದೇನೆಂಬದನ್ನು ಮನೆಯ ಹಿರಿಯರು ಅರಿಯುವದು ಒಳ್ಳೆಯದು. ಏಕೆಂದರೆ ಆ ಚಿತ್ರಗಳಲ್ಲಿ ನಮ್ಮ ಮನೆಯ ಮಾತೇ ಇದೆ.

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ಒಂದು ಸೂಕ್ಷ್ಮವಾದ ಭೇದವನ್ನು ಹೇಳಿರುವನು. ವಿರಹದಲ್ಲಿಯೂ ಕಣ್ಣೀರುಂಟು, ಮರಣದುಃಖದಲ್ಲಿಯೂ ಕಣ್ಣೀರುಂಟು. ಹಾಗಾದರೆ ವಿಪ್ರಲಂಭಕ್ಕೂ ಕರುಣಕ್ಕೂ ವ್ಯತ್ಯಾಸವೇನು? ವಿಪ್ರಲಂಭವು ಸಾಪೇಕ್ಷವಾದುದು, ಎಂದರೆ ಮರಳಿ ಕೂಡುವೆವೆಂಬ ಅಪೇಕ್ಷೆ ಅದರಲ್ಲಿ ಜೀವಂತವಾಗಿರುವದು. ಕರುಣವು ನಿರಪೇಕ್ಷವಾದುದು, ಅಲ್ಲಿ ಆಸೆಯ ಎಳೆ ಹರಿದುಹೋಗಿರುವದು. ಮುಂದೆ 14ನೆಯ ಶತಮಾನದಲ್ಲಿ ಸಾಹಿತ್ಯದರ್ಪಣದ ಕರ್ತೃವಾದ ವಿಶ್ವನಾಥನು ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಪ್ರವಾಸಕ್ಕೆ ಕಾರ್ಯ, ಶಾಪ, ಸಂಭ್ರಮ ಎಂಬ ಮೂರು ಕಾರಣಗಳನ್ನು ತೋರಿಸಿದನು. ಇಲ್ಲಿ ಸಂಭ್ರಮವೆಂದರೆ ಹಬ್ಬದ ಸಡಗರವೆಂದು ವಾಚಕರು ತಿಳಿಯಬಾರದು. ಉತ್ಪಾತ, ದಂಗೆ, ಯುದ್ಧ ಮುಂತಾದವುಗಳಿಂದಾಗುವ ಗಾಬರಿ ಎಂದು ಅರ್ಥ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಜಪಾನದ ಚಿತ್ರಗಳ ಕಡೆಗೆ ತಿರುಗೋಣ.

ಶಿಂಕಾಯಿಯವರು 1973ರಲ್ಲಿ ನಗಾನೊ ಎಂಬ ಗುಡ್ಡಗಾಡಿನ ಪ್ರಾಂತದಲ್ಲಿ ಜನಿಸಿದವರು. 2002ರಲ್ಲಿ ಅವರು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಒಬ್ಬರೇ ಕುಳಿತು ಇಪ್ಪತ್ತೈದು ಮಿನಿಟುಗಳ ‘ಹೋಶಿ ನೊ ಕೋಎ’, ಎಂದರೆ ‘ನಕ್ಷತ್ರದ ದನಿ’, ಎಂಬ ಚಿತ್ರವನ್ನು ರಚಿಸಿದರು. ಹದಿನೈದು ವರ್ಷದ ಹುಡುಗಿಯೊಬ್ಬಳು ಆಕಾಶನೌಕೆಯಲ್ಲಿ ಯುದ್ಧಕ್ಕೆ ಹೋಗುವಳು. ಭೂಮಿಯಲ್ಲಿ ಉಳಿದ ಗೆಳೆಯನಿಗೆ ಅವಳು ಮೊಬೈಲಿನಿಂದ ಪತ್ರ ಬರೆಯುವಳು. ನೌಕೆಯು ದೂರ ದೂರ ಸರಿದಂತೆ ಪತ್ರವು ಮುಟ್ಟಲು ದಿನಗಳು, ತಿಂಗಳುಗಳು ಬೇಕಾಗುವವು. ಕೊನೆಗೆ ಲುಬ್ಧಕ ನಕ್ಷತ್ರದ ಬಳಿಯಿಂದ ಕಳಿಸಿದ ಮಾತು ಎಂಟು ವರ್ಷಗಳ ಮೇಲೆ ಬಂದು ಸೇರುವದು. ಬರೆದವಳು ಇನ್ನೂ ಹದಿನೈದರವಳು, ಓದುವವನು ಇಪ್ಪತ್ನಾಲ್ಕರ ಗಂಡಸು!

ಇದು ಕೇವಲ ಕಲ್ಪನೆಯೆನ್ನುವ ಹಾಗಿಲ್ಲ. ವಿಜಯಪುರದ ಗೋಲಗುಮ್ಮಟವನ್ನು ಏರಿದವರೆಲ್ಲರೂ ಪಿಸುಮಾತಿನ ಮೊಗಸಾಲೆಯನ್ನು ಬಲ್ಲರು. ಈ ಬದಿಗೆ ಗೋಡೆಗೆ ಬಾಯಿಯಿಟ್ಟು ಮೆಲ್ಲನೆ ನುಡಿದ ಮಾತು ಸುಮಾರು 38 ಮೀಟರ ಆಚೆಗೆ ಎದುರು ಗೋಡೆಗೆ ಕಿವಿಯಿಟ್ಟವನಿಗೆ ಕೇಳುವದು. ಶಬ್ದದ ವೇಗವು ಸೆಕೆಂದಿಗೆ ಸುಮಾರು 340 ಮೀಟರ ಆದುದರಿಂದ ಗುಮ್ಮಟದ ಅಡ್ಡಗಲವನ್ನು ದಾಟಲು ಆ ಮಾತಿಗೆ ಒಂದು ಸೆಕೆಂದಿನ ಒಂಬತ್ತನೆಯ ಒಂದಂಶ ಸಾಕು. ಲುಬ್ಧಕವಾದರೋ ನಮ್ಮಿಂದ 8.6 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೆಕೆಂದಿಗೆ ಮೂರು ಲಕ್ಷ ಕಿಲೋಮೀಟರ ಓಡುವ ಬೆಳಕಿಗೂ ಅಲ್ಲಿಂದ ಬರಲು ಅಷ್ಟು ವರ್ಷ ಬೇಕು. ಗುಮ್ಮಟದೊಳಗಿನ ಪಿಸುಮಾತಿಗೂ ನಕ್ಷತ್ರದ ದನಿಗೂ ಇರುವ ಅಂತರವು ಕಾಲದ ಅಂತರ. ಅಗಲಿದವರಿಗೆ ನೋವುಂಟುಮಾಡುವದು ಹರದಾರಿಗಳ ಲೆಕ್ಕಕ್ಕಿಂತ ಹೆಚ್ಚಾಗಿ ಮಾತಿಗೂ ಮರುಮಾತಿಗೂ ನಡುವೆ ಕಳೆಯುವ ಕಾಲವೆಂಬದೇ ಈ ಪುಟ್ಟ ಚಿತ್ರದ ತಿರುಳು.

ಕಾಳಿದಾಸನ ಮೇಘದೂತವನ್ನು ನೆನೆಯದೆ ಇದನ್ನು ನೋಡುವದು ನನ್ನಂಥವನಿಗೆ ಸಾಧ್ಯವೇ ಇಲ್ಲ. ರಾಮಗಿರಿಯಲ್ಲಿ ಶಾಪದ ಎಂಟು ತಿಂಗಳು ಕಳೆದು ನಾಲ್ಕು ತಿಂಗಳು ಉಳಿದಿರುವಾಗ ಯಕ್ಷನು ಆಷಾಢದ ಮೋಡವನ್ನು ಕಂಡು ಅಲಕೆಗೆ ಸಂದೇಶವನ್ನು ಕಳುಹಿಸುವನು. ಕಾವ್ಯದ ಮೊದಲ ಭಾಗವೆಲ್ಲ ದಾರಿಯ ವರ್ಣನೆ. ಸಂದೇಶವು ಕೊನೆಯಲ್ಲಿ ಕೆಲವೇ ಶ್ಲೋಕಗಳಷ್ಟು. ಮೋಡವು ಮುಟ್ಟಿತೇ, ಮಾತನ್ನು ಹೇಳಿತೇ ಎಂಬದನ್ನು ಕವಿಯು ತಿಳಿಸುವದೇ ಇಲ್ಲ. ಮೋಡಕ್ಕೆ ತನ್ನ ಮಿಂಚಿನಿಂದ ಅಗಲಿಕೆಯಾಗದಿರಲೆಂದು ಹರಸಿ ಯಕ್ಷನು ಸುಮ್ಮನಾಗುವನು. ಶಿಂಕಾಯಿಯವರ ಚಿತ್ರಗಳಲ್ಲಿಯೂ ಮಾತು ಕಡಿಮೆ, ದಾರಿ ಹೆಚ್ಚು: ಮುಗಿಲು, ರೇಲ್ವೆ ಹಳಿ, ವಿದ್ಯುತ್ತಿನ ತಂತಿ, ಮಳೆ, ಸಂಜೆಯ ಬೆಳಕು. ಹೇಳಲಾರದ ಮಾತನ್ನು ಈ ಕವಿಗಳಿಬ್ಬರೂ ಆಕಾಶದಿಂದ ಹೇಳಿಸಿರುವರು. ಜಪಾನದ ಪ್ರಾಚೀನ ಪದ್ಯಸಂಕಲನವಾದ ಮನ್ಯೋಶೂದಲ್ಲಿ ಪ್ರೇಮವೆಂಬ ಅರ್ಥದ ‘ಕೊಯಿ’ ಶಬ್ದವನ್ನು ಕೆಲವೆಡೆ ‘ಒಂಟಿತನದ ದುಃಖ’ ಎಂಬ ಅರ್ಥ ಬರುವ ಲಿಪಿಗಳಿಂದ ಬರೆದಿರುವರಂತೆ. ಇದನ್ನೇ ಶಿಂಕಾಯಿಯವರು ತಮ್ಮ 2013ರ ‘ಕೊತೊನೊಹ ನೊ ನಿವಾ’ ಎಂಬ ಚಿತ್ರಕ್ಕೆ ಆಧಾರವಾಗಿಟ್ಟುಕೊಂಡರು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಚಿತ್ರವು 2007ರ ‘ಸೆಕೆಂದಿಗೆ ಐದು ಸೆಂಟಿಮೀಟರ’ ಎಂಬದು. ಚೆರ್ರಿ ಹೂವಿನ ಎಸಳು ಕೆಳಗೆ ಬೀಳುವ ವೇಗವು ಅಷ್ಟೆಂದು ಅದರಲ್ಲಿ ಒಬ್ಬ ಹುಡುಗಿಯು ಹೇಳುವಳು. ಆ ವೇಗದಿಂದ ಒಂದು ಕಿಲೋಮೀಟರ ಸಾಗಲು ಐದೂವರೆ ತಾಸು ಹಿಡಿಯುವದು. ಒಂದೇ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಮಕ್ಕಳು; ಮೊದಲು ಹುಡುಗಿಯ ತಂದೆತಾಯಿಗಳಿಗೆ ವರ್ಗವಾಗುವದು, ಆಮೇಲೆ ಹುಡುಗನ ಮನೆಯವರಿಗೂ ಬಹುದೂರದ ಊರಿಗೆ ವರ್ಗವಾಗುವದು. ಹೊರಡುವ ಮುನ್ನ ಅವನು ಒಬ್ಬನೇ ರೇಲ್ವೆಯಲ್ಲಿ ಅವಳನ್ನು ಕಾಣಲು ಹೋಗುವನು. ಹಿಮವು ಸುರಿದು ಗಾಡಿಗಳು ನಿಂತು ನಿಂತು ಸಾಗಿ, ಏಳು ಗಂಟೆಗೆ ಕಾಣಬೇಕಾದವನು ನಡುರಾತ್ರಿಯ ಹೊತ್ತಿಗೆ ಮುಟ್ಟುವನು. ಅವಳು ಆ ಚಿಕ್ಕ ನಿಲ್ದಾಣದಲ್ಲಿ ಬುತ್ತಿ ಕಟ್ಟಿಕೊಂಡು ಕಾಯುತ್ತಲೇ ಇರುವಳು. ಅವನು ಬರೆದು ತಂದಿದ್ದ ಪತ್ರವು ದಾರಿಯಲ್ಲಿ ಗಾಳಿಗೆ ಹಾರಿಹೋಗಿರುವದು. ಅವಳು ಬರೆದಿಟ್ಟಿದ್ದ ಪತ್ರವನ್ನು ಅವಳು ಕೊಡುವದೇ ಇಲ್ಲ.

ಆ ಮೇಲೆ ಏನಾಯಿತು? ಯಾರೂ ಸಾಯಲಿಲ್ಲ, ಯಾರೂ ವಂಚಿಸಲಿಲ್ಲ, ಯಾರೂ ಶಪಿಸಲಿಲ್ಲ. ಪತ್ರಗಳು ವಿರಳವಾದವು, ನಿಂತವು. ಹುಡುಗನು ಬೆಳೆದು, ಯಾರಿಗೂ ಕಳುಹಿಸದ ಸಂದೇಶಗಳನ್ನು ಮೊಬೈಲಿನಲ್ಲಿ ಬರೆದು ಅಳಿಸುವದನ್ನು ರೂಢಿ ಮಾಡಿಕೊಂಡನು. ವರ್ಷಗಳ ಮೇಲೆ ರೇಲ್ವೆ ಗೇಟಿನ ಬಳಿ ಒಬ್ಬರನ್ನೊಬ್ಬರು ದಾಟಿದಂತೆ ಆಗಿ, ನಡುವೆ ಗಾಡಿ ಹಾಯ್ದುಹೋಗಿ, ಅದು ಸರಿದಾಗ ಆಚೆಗೆ ಯಾರೂ ಇಲ್ಲ. ಅವನು ಮುಗುಳ್ನಕ್ಕು ತನ್ನ ದಾರಿಯನ್ನು ಹಿಡಿಯುವನು.

ಇದನ್ನು ಶಾಸ್ತ್ರದ ಯಾವ ವಿಭಾಗದಲ್ಲಿಡಬೇಕು? ಹೊರಟ ಕಾರಣವನ್ನು ನೋಡಿದರೆ ಇದು ಕಾರ್ಯಪ್ರವಾಸ. ಆದರೆ ಅಪೇಕ್ಷೆ ಉಳಿಯದ ಕಾರಣ ಇದು ಪೂರ್ಣವಾಗಿ ವಿಪ್ರಲಂಭವಲ್ಲ. ಮರಣವಿಲ್ಲದ ಕಾರಣ ಕರುಣವೂ ಅಲ್ಲ. ಅಪೇಕ್ಷೆಯು ಎಣ್ಣೆ ತೀರಿದ ದೀಪದಂತೆ ಸದ್ದಿಲ್ಲದೆ ತಾನಾಗಿ ನಂದುವ ಈ ಮೂರನೆಯ ಅವಸ್ಥೆಯನ್ನು ನಮ್ಮ ಆಲಂಕಾರಿಕರು ಬೇರೆಯಾಗಿ ಎಣಿಸಿದಂತಿಲ್ಲ. ಯಕ್ಷನ ಶಾಪಕ್ಕೆ ಒಂದು ವರ್ಷವೆಂಬ ಎಲ್ಲೆಯಿತ್ತು, ರಾಮನ ವನವಾಸಕ್ಕೆ ಹದಿನಾಲ್ಕು ವರ್ಷದ ಎಲ್ಲೆಯಿತ್ತು. ಇಂದಿನ ಅಗಲಿಕೆಗೆ ಎಲ್ಲೆಯಿಲ್ಲ. ಆದುದರಿಂದಲೇ ಅದು ಯಾವಾಗ ಮುಗಿಯಿತೆಂಬದೂ ತಿಳಿಯುವದಿಲ್ಲ.

ಈ ಮೂರನೆಯ ಅವಸ್ಥೆಯೇ ನಮ್ಮ ಮನೆಗಳಿಗೆ ನಿಜವಾಗಿ ಭಯಪಡತಕ್ಕದ್ದು. ಊರು ಬಿಟ್ಟ ಮಗನು ಮೊದಲ ತಿಂಗಳು ದಿನಾಲು ಫೋನು ಮಾಡುವನು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ನಾಗರಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಫೋನಿನಲ್ಲಿ “ಉಂಡೇನಪಾ?” ಎಂದು ತಾಯಿ ಕೇಳುವಳು, “ಉಂಡೀನವ್ವಾ” ಎಂದು ಮಗನು ಹೇಳುವನು, ಮುಂದೆ ಇಬ್ಬರಿಗೂ ಮಾತು ತೋಚದು. ಮೇಘವಾದರೋ ತಿಂಗಳುಗಟ್ಟಲೆ ನಡೆದು ಹೋಗಬೇಕಿತ್ತು; ಇಂದಿನ ಸಂದೇಶವು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುವದು. ಆದರೂ ಯಕ್ಷನಿಗೆ ಹೇಳಲು ಇದ್ದಷ್ಟು ಮಾತು ನಮಗಿಲ್ಲ. ದಾರಿ ಸುಲಭವಾದಂತೆ ಮಾತು ಬಡವಾಯಿತೋ ಎಂಬ ಶಂಕೆಯು ಆ ಹುಡುಗನು ಅಳಿಸುವ ಸಂದೇಶಗಳನ್ನು ಕಂಡಾಗ ಬಾರದೆ ಇರದು.

ಅಗಲಿಕೆಯ ಭಾರವು ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು. ಹಯಾವೊ ಮಿಯಾಝಾಕಿಯವರ 1988ರ ‘ತೊನಾರಿ ನೊ ತೊತೊರೊ’ ಎಂಬ ಚಿತ್ರದಲ್ಲಿ ತಾಯಿಯು ರೋಗದಿಂದ ಆಸ್ಪತ್ರೆಯಲ್ಲಿರುವಳು. ತಂದೆಯು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಮನೆಗೆ ಬರುವನು. ತಾಯಿ ಈ ವಾರ ಮನೆಗೆ ಬರುವಳೆಂದು ಮಕ್ಕಳು ಹಿಗ್ಗಿರುವಾಗ ತಂತಿ ಬಂದು, ಅವಳು ಬರಲಾಗದೆಂದು ತಿಳಿಯುವದು. ದೊಡ್ಡ ಹುಡುಗಿಯು ಅಲ್ಲಿಯವರೆಗೆ ಅಡಿಗೆ ಮಾಡಿ, ತಂಗಿಗೆ ಜಡೆ ಹಾಕಿ, ನಗುನಗುತ್ತ ಇದ್ದವಳು ಒಮ್ಮೆಲೆ ಬಿಕ್ಕಿ ಅಳುವಳು. ಚಿಕ್ಕವಳು ಒಂದು ಗೋವಿನಜೋಳದ ತೆನೆಯನ್ನು ಅವಚಿಕೊಂಡು, ಇದನ್ನು ತಿಂದರೆ ತಾಯಿಯು ಗುಣವಾಗುವಳೆಂದು, ದಾರಿಯನ್ನರಿಯದೆ ಆಸ್ಪತ್ರೆಗೆ ಹೊರಟುಬಿಡುವಳು. ಮಿಯಾಝಾಕಿಯವರ ತಾಯಿಯೂ ಕ್ಷಯದಿಂದ ಬಹುಕಾಲ ಹಾಸಿಗೆ ಹಿಡಿದಿದ್ದರು. ಅನುಭವವಿಲ್ಲದೆ ಆ ತೆನೆಯು ಅಷ್ಟು ಭಾರವಾಗುತ್ತಿರಲಿಲ್ಲ.

ಇಸಾವೊ ತಾಕಾಹಾತಾ ಎಂಬವರು 1976ರಲ್ಲಿ ದೂರದರ್ಶನಕ್ಕಾಗಿ 52 ಕಂತುಗಳ ಒಂದು ಕಥೆಯನ್ನು ನಿರ್ದೇಶಿಸಿದರು. ಇಟಲಿಯ ಎದ್ಮೋಂದೊ ದೆ ಅಮಿಚೀಸ್ ಎಂಬವರ 1886ರ ‘ಕ್ವೋರೆ’ ಪುಸ್ತಕದಿಂದ ತೆಗೆದ ಕಥೆಯದು. ಜಿನೋವಾ ಪಟ್ಟಣದ ಬಡ ತಾಯಿಯೊಬ್ಬಳು ಮನೆಯ ಸಾಲವನ್ನು ತೀರಿಸಲು ಅರ್ಜೆಂಟೀನಾಕ್ಕೆ ಮನೆಗೆಲಸಕ್ಕೆ ಹೋಗುವಳು. ಪತ್ರಗಳು ನಿಂತಾಗ ಅವಳ ಮಗ ಮಾರ್ಕೊ ಸಮುದ್ರವನ್ನು ದಾಟಿ ಅವಳನ್ನು ಹುಡುಕಿಕೊಂಡು ಹೋಗುವನು. ಈ ಕಥೆಯನ್ನು ದೂರದ್ದೆಂದು ನಮ್ಮ ಜಿಲ್ಲೆಯ ಯಾವ ಶಿಕ್ಷಕನು ಹೇಳಬಲ್ಲನು? ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬದು ನಮ್ಮ ನಾಡಿನ ಗಾದೆ. ಡೋಣಿಯ ಎರೆಹೊಲಗಳು ಕೈಗೊಟ್ಟ ವರ್ಷ ಅದು ನಿಜ. ಮಳೆ ತಪ್ಪಿದ ವರ್ಷವಾದರೋ ಜನರು ಗುಳೆ ಹೋಗುವರು. ಕೆಲವರು ಗೋವೆ, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕೆಲಸಕ್ಕೆ. ಕೆಲವರು ಸಾಂಗಲಿ, ಕೊಲ್ಲಾಪುರಗಳ ಸೀಮೆಗೆ ಕಬ್ಬು ಕಡಿಯಲು. ದೀಪಾವಳಿಯ ಸುಮಾರಿಗೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುವದನ್ನು ನಾನು ಪ್ರತಿವರ್ಷವೂ ಕಂಡಿರುವೆನು. ತಂದೆತಾಯಿಗಳ ಸಂಗಡ ಹೋದ ಮಕ್ಕಳು ಪಾಠವನ್ನು ಕಳೆದುಕೊಳ್ಳುವರು. ಮುತ್ಯಾ ಆಯಿಯರ ಬಳಿ ಉಳಿದ ಮಕ್ಕಳು ಪಾಠಕ್ಕೆ ಬಂದರೂ ಮನಸ್ಸು ಬರುವದಿಲ್ಲ. “ಅವ್ವಾ, ಯಾವಾಗ ಬರತಿ?” ಎಂಬ ಪ್ರಶ್ನೆಯು ಅವರ ಓದಿನ ನಡುವೆಯೂ ಆಟದ ನಡುವೆಯೂ ಸುಳಿಯುತ್ತಿರುವದು. ಮಾರ್ಕೊನು ಹಡಗು ಹತ್ತಿದನು. ನಮ್ಮ ಮಾರ್ಕೊಗಳು ಶಾಲೆಯ ಕಿಡಕಿಯಿಂದ ರಸ್ತೆಯನ್ನು ನೋಡುವರು.

ನಮ್ಮ ಹೆಣ್ಣುಮಕ್ಕಳು ಈ ದುಃಖವನ್ನು ಬಹುಕಾಲದಿಂದ ಬಲ್ಲರು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದಾಗ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಆ ತ್ರಿಪದಿಗಳಲ್ಲಿ ತವರಿನ ಹಂಬಲವು ಎಷ್ಟೆಂಬದನ್ನು ವಿದ್ವಾಂಸರೂ ಕಂಡು ಬೆರಗಾದರು. ಗಂಡನ ಮನೆಯು ನಾಲ್ಕು ಹರದಾರಿಯ ಆಚೆಗಿದ್ದರೂ ಅಣ್ಣನು ಕರೆಯಲು ಬಾರದಿದ್ದರೆ ಅದು ಲುಬ್ಧಕದಷ್ಟೇ ದೂರ.

ಇನ್ನು ಸಂಭ್ರಮದಿಂದಾದ ಅಗಲಿಕೆ. ಶಿಂಕಾಯಿಯವರ 2016ರ ‘ಕಿಮಿ ನೊ ನಾ ವಾ’, ಎಂದರೆ ‘ನಿನ್ನ ಹೆಸರು’, ಎಂಬ ಚಿತ್ರವು ಲೋಕವಿಖ್ಯಾತವಾಯಿತು. ಗುಡ್ಡದ ನಡುವಿನ ಇತೊಮೊರಿ ಎಂಬ ಕಲ್ಪಿತ ಊರಿನ ಹುಡುಗಿ ಮಿತ್ಸುಹಾ, ಟೋಕಿಯೊದ ಹುಡುಗ ತಾಕಿ. ಕನಸಿನಲ್ಲಿಯೆಂಬಂತೆ ಒಬ್ಬರ ದೇಹದಲ್ಲಿ ಇನ್ನೊಬ್ಬರು ಎಚ್ಚರಗೊಳ್ಳುವರು. ಅವಳನ್ನು ಹುಡುಕಿಕೊಂಡು ತಾಕಿ ಹೋದಾಗ ತಿಳಿಯುವದೇನೆಂದರೆ, ಧೂಮಕೇತುವಿನ ತುಂಡು ಬಿದ್ದು ಆ ಊರು ಮೂರು ವರ್ಷದ ಹಿಂದೆಯೇ ನಾಶವಾಗಿದೆ, ಅವಳೂ ಸತ್ತಿರುವಳು! ಇಬ್ಬರ ನಡುವೆ ಇದ್ದ ದೂರವು ಸ್ಥಳದ್ದಾಗಿರದೆ ಕಾಲದ್ದಾಗಿತ್ತು. ಮುಂದೆ ಕಾಲವನ್ನೇ ತಿರುಗಿಸಿ ಅವನು ಊರಿನವರನ್ನು ಉಳಿಸುವನು. ಇದು ವಿಶ್ವನಾಥನು ಹೇಳಿದ ಕರುಣವಿಪ್ರಲಂಭಕ್ಕೆ ತಕ್ಕ ನಿದರ್ಶನ: ಒಬ್ಬರು ಸತ್ತರೂ ಮರಳಿ ದೊರೆಯುವ ಆಸೆಯಿದ್ದಾಗ ಆಗುವ ಅವಸ್ಥೆ. ಬಾಣನ ಕಾದಂಬರಿಯಲ್ಲಿ ಪುಂಡರೀಕನು ಮಡಿದ ಮೇಲೂ ಮಹಾಶ್ವೇತೆಯು ಅಚ್ಛೋದ ಸರೋವರದ ತೀರದಲ್ಲಿ ತಪಸ್ಸು ಮಾಡುತ್ತ ಕಾದುದನ್ನು ಓದಿದವರಿಗೆ ಈ ಚಿತ್ರವು ಹೊಸದೆನಿಸದು.

ಮುಳುಗಿದ ಊರನ್ನು ಹಂಬಲಿಸುವ ಕಥೆಯು ನಮ್ಮವರಿಗೆ ಬೇರೊಂದು ರೀತಿಯಿಂದಲೂ ತಟ್ಟುವದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು, ಬಾಗಲಕೋಟೆಯ ಬಹುಭಾಗವು ಮುಳುಗಿತು, ಎಷ್ಟೋ ಹಳ್ಳಿಗಳು ಮುಳುಗಿದವು. ಆ ನೀರಿನಿಂದ ನಾಡಿಗೆ ಬೆಳಕೂ ಬೆಳೆಯೂ ಬಂದಿರುವದು ನಿಜ. ಆದರೂ ಹುಟ್ಟಿದ ಮನೆಯ ಹೊಸ್ತಿಲು ನೀರಿನ ಕೆಳಗಿರುವವರಿಗೆ ಊರಿಗೆ ಮರಳುವ ಮಾತೇ ಇಲ್ಲ. ಅವರ ಅಗಲಿಕೆಯು ಕರುಣದ ಕಡೆಗೆ ಸೇರಿದುದು.

ಕೇವಲ ಕರುಣವನ್ನೇ ತೋರುವ ಚಿತ್ರಗಳೂ ಉಂಟು. ತಾಕಾಹಾತಾ ಅವರ 1988ರ ‘ಹೊತಾರು ನೊ ಹಾಕಾ’ದಲ್ಲಿ 1945ರ ಬಾಂಬುಗಳಿಗೆ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರು ಹಸಿವಿನಿಂದ ಸಾಯುವರು, ಇದು ಚಿಕ್ಕ ಮಕ್ಕಳಿಗೆ ತೋರಿಸತಕ್ಕದ್ದಲ್ಲ. 2022ರ ‘ಸುಝುಮೆ’ಯಲ್ಲಿ 2011ರ ಮಾರ್ಚ 11ರ ಭೂಕಂಪ ಮತ್ತು ಸುನಾಮಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿಯು ಕೊನೆಗೆ ಬಾಲ್ಯದ ತನ್ನನ್ನೇ ಕಂಡು, ನೀನು ಬೆಳೆಯುವಿ, ಬಾಳುವಿ ಎಂದು ಧೈರ್ಯ ಹೇಳುವಳು. ತಾಯಿಯು ಮರಳುವದಿಲ್ಲ. ಬದುಕಿದವಳು ಮಾತ್ರ ಮುಂದೆ ನಡೆಯುವಳು.

ಅಗಲಿದವರನ್ನು ಕೂಡಿಸುವ ಉಪಾಯವಾದರೂ ಏನು? ನಮ್ಮ ಕವಿಗಳು ಅದಕ್ಕೆ ಅಭಿಜ್ಞಾನವೆಂದು ಹೆಸರಿಟ್ಟರು. ಹನುಮಂತನು ಸೀತೆಗೆ ತಂದ ಉಂಗುರ, ಸೀತೆಯು ಮರಳಿ ಕೊಟ್ಟ ಚೂಡಾಮಣಿ, ಮೀನಿನ ಹೊಟ್ಟೆಯಲ್ಲಿ ದೊರೆತ ಶಕುಂತಲೆಯ ಉಂಗುರ: ಇವೆಲ್ಲವೂ ಅಗಲಿದವರ ನಡುವಿನ ಸೇತುವೆಗಳು. ಯುಗೊ ಸಾಕೊ ಎಂಬ ಜಪಾನಿ ಸಜ್ಜನರು ನಮ್ಮ ರಾಮ ಮೋಹನ ಮೊದಲಾದವರೊಡನೆ ಸೇರಿ 1992ರಲ್ಲಿ ರಾಮಾಯಣವನ್ನೇ ಅನಿಮೆಯಾಗಿ ರಚಿಸಿದರು. ಅದು 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮರಳಿ ಬಂದಿತು. ‘ನಿನ್ನ ಹೆಸರು’ ಚಿತ್ರದಲ್ಲಿ ಮಿತ್ಸುಹಾಳ ಅಜ್ಜಿಯು ಹೆಣೆಯಲು ಕಲಿಸಿದ ಕೆಂಪು ದಾರವೇ ಅಭಿಜ್ಞಾನ. ಮರೆಯದಿರಲೆಂದು ಹೆಸರನ್ನು ಅಂಗೈಯಲ್ಲಿ ಬರೆದುಕೊಡುವೆನೆಂದ ತಾಕಿಯು ಹೆಸರಿಗೆ ಬದಲಾಗಿ ತನ್ನ ಪ್ರೀತಿಯನ್ನು ಬರೆದಿರುವನು. ಹೆಸರು ಮರೆತರೂ ಅದು ಉಳಿಯುವದು. ತೊತೊರೊದಲ್ಲಿ ಆಸ್ಪತ್ರೆಯ ಕಿಡಕಿಯಲ್ಲಿ ಇಟ್ಟುಹೋದ ಜೋಳದ ತೆನೆಯೂ ಅಂಥದೇ.

ಈ ಚಿತ್ರಗಳ ಮೇಲೆ ಒಂದು ಆಕ್ಷೇಪವನ್ನು ಹೇಳದಿದ್ದರೆ ನ್ಯಾಯವಾಗದು. ಅವು ದುಃಖವನ್ನು ಅತಿ ಸುಂದರವಾಗಿ ತೋರಿಸುವವು. ಹಿಮ, ಹೂವು, ಸಂಗೀತಗಳಿಂದ ಅಲಂಕರಿಸಿದ ವಿರಹವನ್ನು ಕಂಡು ಎಳೆಯ ಮನಸ್ಸುಗಳು ಅಗಲಿಕೆಯನ್ನೇ ಪ್ರೀತಿಸಲು ಕಲಿತಾವೆಂಬ ಭಯವುಂಟು. ಕಬ್ಬಿನ ಗದ್ದೆಯಲ್ಲಿ ಗುಡಿಸಲು ಹಾಕಿದ ತಾಯಿಯ ವಿರಹಕ್ಕೆ ಯಾವ ಸಂಗೀತವೂ ಇಲ್ಲ. ಇದಕ್ಕೆ ಸಮಾಧಾನವೇನೆಂದರೆ, ಕಾಳಿದಾಸನ ಮೇಲೂ ಇದೇ ಆಕ್ಷೇಪವನ್ನು ಮಾಡಬಹುದು. ಆದರೂ ಮೇಘದೂತವನ್ನು ಓದಿದವನು ಮನೆಗೆ ಪತ್ರ ಬರೆಯುವನೇ ಹೊರತು ರಾಮಗಿರಿಗೆ ಹೋಗಿ ಕೂಡ್ರುವದಿಲ್ಲ. ಈ ಚಿತ್ರಗಳನ್ನೂ ಹಾಗೆ ನೋಡಬೇಕು. ಮಕ್ಕಳು ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ನೋಡುವದಕ್ಕಿಂತ ಮನೆಯವರೆಲ್ಲರೂ ಕೂಡಿ ನೋಡಿದರೆ ಅವು ಮಾತಿಗೆ ದಾರಿಯಾಗುವವು. ತೊತೊರೊದಿಂದ ಆರಂಭಿಸುವದು ಉತ್ತಮ.

ಸಂಸಾರಿಗಳು ಇವುಗಳಿಂದ ತೆಗೆದುಕೊಳ್ಳಬೇಕಾದುದು ಇಷ್ಟು. ದೂರ ಹೋಗುವವರು ಮರಳುವ ದಿನವನ್ನು ಹೇಳಿ ಹೋಗಬೇಕು. ಮಗುವಿಗೆ ನಾಳೆ ಬರುವೆನೆಂದು ಸುಳ್ಳು ಹೇಳದೆ, ಇಂಥ ಹಬ್ಬಕ್ಕೆ ಬರುವೆನೆಂದು ನಿಜವನ್ನು ಹೇಳಬೇಕು. ಎಲ್ಲೆಯಿದ್ದ ಅಗಲಿಕೆಯನ್ನು ಮಗುವು ತಾಳಬಲ್ಲದು. ವಾರದಲ್ಲಿ ಒಂದು ದಿನವನ್ನು ಮಾತಿಗೆ ಗೊತ್ತುಮಾಡಿ, ಉಂಡೆಯಾ ಎಂಬುದಕ್ಕಿಂತ ಮುಂದಿನ ಮಾತನ್ನೂ ಆಡಬೇಕು: ಆಕಳು ಕರು ಹಾಕಿತು, ಬೇವಿನ ಮರ ಚಿಗುರಿತು, ಪಾಠದಲ್ಲಿ ಈ ಪದ್ಯ ಬಂದಿತು ಎಂದು. ಹೋಗುವಾಗ ಕೈಯಲ್ಲಿ ಹಿಡಿಯಬಹುದಾದ ಒಂದು ಗುರುತನ್ನು ಬಿಟ್ಟುಹೋಗಬೇಕು. ಬರೆದ ಪತ್ರವನ್ನು ಕೊಡದೆ ಇಟ್ಟುಕೊಳ್ಳಬಾರದು.

ಕಬ್ಬಿನ ಹಂಗಾಮು ಮುಗಿದು ಗುಳೆ ಹೋದವರು ಗಂಟುಮೂಟೆಗಳೊಡನೆ ಮರಳುವದು ಯುಗಾದಿಯ ಸುಮಾರಿಗೆ. ಟೋಕಿಯೊದಲ್ಲಿ ಚೆರ್ರಿ ಹೂವು ಅರಳಿ ಉದುರುವದೂ ಅದೇ ಕಾಲಕ್ಕೆ. ಹಾಗೆ ಬೀಳುವ ಎಸಳು ಒಮ್ಮೆ ನೆಲವನ್ನು ಸೇರಿದರೆ ಮರಳಿ ಕೊಂಬೆಗೆ ಏರುವದಿಲ್ಲ. ಮನುಷ್ಯರಾದರೋ ಕರೆದರೆ ಮರಳಿ ಬರುವರು. ಯುಗಾದಿಯ ದಿನ ಬೇವುಬೆಲ್ಲವನ್ನು ಹಂಚುವಾಗ ಬಾರದವರ ಪಾಲನ್ನೂ ಒಂದು ಬಟ್ಟಲಲ್ಲಿ ತೆಗೆದಿಟ್ಟು, ತೆಗೆದಿಟ್ಟಿರುವೆವೆಂದು ಅವರಿಗೆ ಅಂದೇ ಹೇಳಿ ಕಳುಹಿಸುವದು ಲೇಸು.